ನಾಲ್ಕನೇ ಟ್ಯೂಬು

ಮೂರನೇ ಸಲವೂ ತಮ್ಮನ ರಕ್ತ ಕೆಟ್ಟಿದೆ ಎಂದು ಪ್ರಯೋಗಾಲಯದ ಹುಡುಗಿ ಬಂದು ಹೇಳಿದಾಗ ಅಕ್ಕನಿಗೆ ಮೈಯೆಲ್ಲ ಉರಿಯಿತು. ಈ ಆಸ್ಪತ್ರೆಯಲ್ಲಿ ರಕ್ತ ತೆಗೆಯುವುದು ಅಕ್ಕನ ಕೆಲಸ, ಸೇರಿ ಇಪ್ಪತ್ತಾರು ವರ್ಷವಾಗಿತ್ತು. ನರ ಸಿಗದ ರೋಗಿಗಳನ್ನು ಡಾಕ್ಟರುಗಳೇ ಅವಳ ಹತ್ತಿರ ಕಳಿಸುತ್ತಿದ್ದರು.

“ಕೆಟ್ಟಿರೋದು ನಿನ್ನ ಮಷೀನು, ನನ್ನ ಕೈಯಲ್ಲ.”

ಹುಡುಗಿ ಟ್ಯೂಬನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಮಷೀನಿನಲ್ಲಿ ತಿರುಗಿಸಿದ ಮೇಲೆ ಕೆಂಪು ಕಣಗಳು ತಳಕ್ಕೆ ಕೂತು ಮೇಲಿನ ನೀರು ತಿಳಿ ಹಳದಿಯಾಗಬೇಕು. ಇದು ಗುಲಾಬಿಯಾಗಿತ್ತು.

“ಕಣ ಒಡೆದಿದೆ ಅಕ್ಕಾ. ನನ್ನ ಸಂಶೋಧನೇಲಿ ಅಳೆಯೋದು ಮೈಕ್ರೋ ಆರ್‌ಎನ್‌ಎ. ಜೀವಕೋಶದೊಳಗೆ ಅತಿಯಾಗಿ ಕೂಗಾಡೋ ಜೀನುಗಳ ಬಾಯಿ ಮುಚ್ಚಿಸೋ ಚೂರುಗಳು. ವೈರಸ್ಸು ಲಿವರಿನಲ್ಲಿ ವರ್ಷಗಟ್ಟಲೆ ಬೀಡುಬಿಟ್ರೆ ಅವು ಹೆಚ್ಚುಕಮ್ಮಿ ಆಗ್ತವೆ, ಗಡ್ಡೆ ಹುಟ್ಟಿದ್ರೆ ಇನ್ನೂ. ರಕ್ತದಲ್ಲಿ ಅದರ ಸುಳಿವು ಸಿಗಬಹುದು. ಆದ್ರೆ ಕೆಂಪು ಕಣದೊಳಗೂ ಅಂಥ ಚೂರುಗಳಿವೆ. ಒಡೆದ್ರೆ ಎಲ್ಲಾ ಕಲಸುಮೇಲೋಗರ.”

ಅಕ್ಕ ಟ್ಯೂಬನ್ನು ಇಸಿದುಕೊಂಡು ತಾನೂ ಬೆಳಕಿಗೆ ಹಿಡಿದಳು. ಅಮ್ಮ ಹೋದದ್ದು ಲಿವರಿನ ಕ್ಯಾನ್ಸರಿನಿಂದ. ಹೆರಿಗೆಯಲ್ಲೇ ಅಮ್ಮನ ವೈರಸ್ಸು ತಮ್ಮನಿಗೆ ಅಂಟಿತ್ತು. ಅದಕ್ಕೇ ಅವನು ಆರು ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡಿಸಬೇಕು. ತನ್ನ ಟೈಲರ್ ಅಂಗಡಿಯ ನೆಪ ಹೇಳಿ ಎರಡು ಸಲ ತಪ್ಪಿಸಿದ್ದ. ಬೈದರೆ, “ನಿಮ್ಮ ಲ್ಯಾಬಿನ ಹುಡುಗಿ ಪರೀಕ್ಷೇಲಿ ಏನಾದ್ರೂ ಬಂದ್ರೆ ಹೋಗ್ತೀನಿ ಬಿಡೆ,” ಎಂದಿದ್ದ.

“ಬೇರೆಯವರದೂ ಹೀಗೇ ಬರ್ತಿದೆಯಾ?”

“ಇಲ್ಲಕ್ಕಾ. ನೀವು ಕೊಟ್ಟ ಇನ್ನೂರು ಟ್ಯೂಬಿನಲ್ಲಿ ಕೆಟ್ಟಿದ್ದು ಈ ಮೂರೇ.”

ಆಗ ಅವಳಿಗೆ ಹೊಳೆಯಿತು. ದಿನವಿಡೀ ಸೂಜಿ ಹಿಡಿಯುವ ತಮ್ಮ, ತನ್ನ ತೋಳಿಗೆ ಸೂಜಿ ಬಂದರೆ ಚಿಕ್ಕಂದಿನಿಂದಲೂ ಬಿಳಿಚಿಕೊಳ್ಳುತ್ತಿದ್ದ. ಅವನ ಮುಖ ನೋಡಲಾಗದೆ, ಬೇಗ ಮುಗಿದುಹೋಗಲಿ ಎಂದು ಅವಳು ಸಿರಿಂಜನ್ನು ಗಬಕ್ಕನೆ ಎಳೆದುಬಿಡುತ್ತಿದ್ದಳು. ಆ ಸೆಳೆತಕ್ಕೇ ಕಣಗಳು ಒಡೆಯುತ್ತಿದ್ದವು.

ಮಧ್ಯಾಹ್ನವೇ ಅಂಗಡಿಗೆ ಹೋಗಿ ಅವನನ್ನು ಎಬ್ಬಿಸಿಕೊಂಡು ಬಂದಳು.

“ಇವತ್ತು ನಿಧಾನ ಆಗುತ್ತೆ. ತೆಪ್ಪಗೆ ಕೂತ್ಕೋ.”

“ನೋಯುತ್ತಾ?”

“ನೋಯುತ್ತೆ. ಸಾಯಲ್ಲ.”

ತೋಳಿನ ಪಟ್ಟಿಯನ್ನು ಸಡಿಲಿಸಿದಳು. ರಕ್ತ ತಾನಾಗಿ ಬರುವಷ್ಟೇ ಎಳೆದಳು. ಅವನ ಹಣೆಯಲ್ಲಿ ಬೆವರು ಮೂಡಿದರೂ ಅವಳ ಕೈ ಅವಸರ ಮಾಡಲಿಲ್ಲ. ನಾಲ್ಕನೇ ಟ್ಯೂಬಿನ ನೀರು ತಿಳಿ ಹಳದಿಯಾಗಿ ನಿಂತಿತು.

ವಾರದ ಮೇಲೆ ಹುಡುಗಿ ಬಂದಳು. “ಇದು ಇನ್ನೂ ಸಂಶೋಧನೆ ಅಕ್ಕಾ, ಇದೊಂದನ್ನೇ ನಂಬೋ ಹಾಗಿಲ್ಲ. ಆದ್ರೆ ಎರಡು ಚೂರುಗಳು ಏರುಪೇರಾಗಿವೆ. ಇವತ್ತೇ ಸ್ಕ್ಯಾನ್ ಮಾಡಿಸಿ.”

ಕೊಟ್ಟ ಮಾತಿಗೆ ತಮ್ಮ ಹೋದ. ಲಿವರಿನ ಬಲ ಅಂಚಿನಲ್ಲಿ ಕಡಲೆಕಾಳಿಗಿಂತ ಕೊಂಚ ದೊಡ್ಡ ಗಡ್ಡೆ, ಒಂದೇ ಒಂದು. ಸರ್ಜನ್ ಚಿತ್ರವನ್ನು ಎರಡೆರಡು ಸಲ ನೋಡಿ, “ಒಳ್ಳೇ ಹೊತ್ತಿಗೆ ಬಂದಿರಿ, ತೆಗೆದುಬಿಡೋಣ,” ಎಂದರು. ಅಮ್ಮನಿಗೆ ಈ ಮಾತನ್ನು ಯಾರೂ ಹೇಳಿರಲಿಲ್ಲ.

ಆಪರೇಷನ್ ಆಗಿ ಮೂರು ತಿಂಗಳಿಗೆ ಅವನು ತಾನಾಗಿಯೇ ಬಂದು ಕುರ್ಚಿಯಲ್ಲಿ ಕೂತು ತೋಳು ಚಾಚಿದ. ಅಕ್ಕ ನಿಧಾನವಾಗಿ ಎಳೆದಳು.

“ಇಷ್ಟು ಹೊತ್ತಿಗೆ ಒಂದು ಅಂಗಿ ಕತ್ತರಿಸಿರ್ತಿದ್ದೆ ಕಣೆ,” ಎಂದ, ಕಣ್ಣು ಮುಚ್ಚಿಕೊಂಡೇ.

“ಬಾಯಿ ಮುಚ್ಚು,” ಎಂದಳು ಅಕ್ಕ, ಟ್ಯೂಬಿನ ಮೇಲೆ ಮುಂದಿನ ಸ್ಕ್ಯಾನಿನ ತಾರೀಖನ್ನೂ ಸೇರಿಸಿ ಬರೆಯುತ್ತ.