ನಾಲ್ಕೂ ಚಕ್ರಕ್ಕೆ ಒಂದೇ ನ್ಯಾಯ

ಹಿಮ ಬೀಳುವ ಊರು ಟ್ರೋಂಡ್‌ಹೈಮಿನ ಆ ಇಳಿಜಾರು ಬೀದಿಯಲ್ಲಿ ಚಳಿಗಾಲ ಹತ್ತಿರವಾದರೆ ಎಲ್ಲರ ಮನೆಯಲ್ಲೂ ಒಂದೇ ಮಾತು: ಮೊಳೆಯಿರುವ ಟೈರೋ, ಇಲ್ಲದ್ದೋ? ಮಂಜುಗಡ್ಡೆಯ ಮೇಲೆ ಜಾರದಂತೆ ಹಿಡಿಯಲು ಟೈರಿನ ಲೋಹದ ಮೊಳೆ ಒಳ್ಳೆಯದೇ. ಆದರೆ ಅದೇ ಮೊಳೆ ಬರಿಯ ಡಾಂಬರನ್ನು ಕೆರೆದು ಧೂಳೆಬ್ಬಿಸುತ್ತದೆ. ವಸಂತ ಬಂದರೆ ಬೀದಿಗೆಲ್ಲ ಕೆಮ್ಮು.

ಗುನ್‌ವೋರಳ ಮೊಮ್ಮಗಳು ಟಿರಿಲ್‌ಗೆ ಉಬ್ಬಸ. ಹೋದ ಏಪ್ರಿಲ್‌ನಲ್ಲಿ ಹುಡುಗಿ ಕಿಟಕಿ ಮುಚ್ಚಿಕೊಂಡು ಕೂತಿದ್ದನ್ನು ಕಂಡಾಗಲೇ ಗುನ್‌ವೋರ್ ಮೊಳೆ ಕೀಳಬೇಕೆಂದು ಯಾರಿಗೂ ಹೇಳದೆ ನಿಶ್ಚಯಿಸಿಬಿಟ್ಟಿದ್ದಳು. ಮೂವತ್ತೊಂದು ವರ್ಷ ಬಸ್ಸು ಓಡಿಸಿದವಳು, ಬಸ್ಸಿಗೆ ಒಂದು ಗೀರೂ ಬೀಳಿಸಿದವಳಲ್ಲ. ನವೆಂಬರಿನ ಮೊದಲ ಶನಿವಾರ ಗ್ಯಾರೇಜಿನಲ್ಲಿ ಕೂತು ಇಕ್ಕಳದಿಂದ ಎರಡು ಟೈರುಗಳ ಮೊಳೆ ಕಿತ್ತಳು. ಕಾಫಿ ಡಬ್ಬಿ ಅರ್ಧ ತುಂಬಿತು. ಅವೆರಡನ್ನು ಕಾರಿನ ಹಿಂದಕ್ಕೆ, ಮೊಳೆಯಿದ್ದ ಎರಡನ್ನು ಮುಂದಕ್ಕೆ ಹಾಕಿದಳು. ಸೋಮವಾರ ಟಿರಿಲ್‌ಳನ್ನು ಇಳಿಜಾರಿನ ಬುಡದಲ್ಲಿರುವ ಶಾಲೆಗೆ ಬಿಡಬೇಕಿತ್ತು.

ಪಕ್ಕದ ಮನೆಯ ಓಸ್ಲೌಗ್ ಥರ್ಮಾಸ್ ಹಿಡಿದು ಬಂದಳು. ವಾಹನ ತಪಾಸಣೆ ಮಾಡುತ್ತಲೇ ತಲೆ ನರೆತವಳು. ಕಾರಿಗೊಂದು ಸುತ್ತು ಬಂದು ನಿಂತಳು.

“ಇದೇನೇ, ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ?”

“ಎಳೆಯೋದು ಮುಂದಿನ ಚಕ್ರ. ಅದಕ್ಕೆ ಮೊಳೆ ಇದ್ರೆ ಸಾಕು. ಹಿಂದಿನವು ಸುಮ್ನೆ ಹಿಂದೆ ಬರ್ತವೆ,” ಎಂದಳು ಗುನ್‌ವೋರ್.

“ಎಳೆಯೋದು ಸರಿ ಕಣೇ. ನಿಲ್ಲಿಸೋದು?”

“ನಂಗೇ ಪಾಠ ಹೇಳ್ತೀಯಾ? ನೀನು ಬರೀ ಗಾಡಿ ಹೊಟ್ಟೆ ನೋಡಿದೋಳು. ನಾನು ಓಡ್ಸಿದೋಳು.”

“ಆಯ್ತು ತಾಯಿ. ನಿನ್ನ ಬೂಟಿನ ಮೊಳೆಪಟ್ಟಿ ಎಲ್ಲಿ?”

ಜಾರದಿರಲೆಂದು ಬೂಟಿನಡಿ ಕಟ್ಟುವ ಜೋಡಿ ಪಟ್ಟಿ ಬಾಗಿಲ ಬಳಿಯೇ ನೇತಾಡುತ್ತಿತ್ತು. ಓಸ್ಲೌಗ್ ಒಂದನ್ನಷ್ಟೇ ತೆಗೆದುಕೊಟ್ಟಳು.

“ಒಂದೇ ಕಾಲಿಗೆ ಕಟ್ಕೋ. ಅಲ್ಲಿ ನೆರಳಲ್ಲಿ ಐಸ್ ಕಟ್ಟಿದೆಯಲ್ಲ, ಅದ್ರ ಮೇಲೆ ನಡೆದು ಗಕ್ಕನೆ ನಿಲ್ಲು. ಹಿಡ್ಕೊಳ್ಳಕ್ಕೆ ನಾನಿದ್ದೀನಿ.”

ಗುನ್‌ವೋರ್ ನಾಲ್ಕು ಹೆಜ್ಜೆ ಬೀಸಿ ನಡೆದು ನಿಂತಳು. ಮೊಳೆಯ ಕಾಲು ನೆಟ್ಟುಕೊಂಡಿತು, ಇನ್ನೊಂದು ಸರ್ರನೆ ಜಾರಿತು, ಮೈಯೆಲ್ಲ ಬುಗುರಿಯಂತೆ ತಿರುಗಿತು. ಓಸ್ಲೌಗ್ ಕಂಕುಳಿಗೆ ಕೈಕೊಟ್ಟು ಹಿಡಿಯದಿದ್ದರೆ ಬಿದ್ದೇಬಿಡುತ್ತಿದ್ದಳು. ಈಗ ಅವಳ ಮುಖ ಬಂದ ದಾರಿಯ ಕಡೆಗಿತ್ತು. ಎದುರಿಗೆ ಕಾರು, ಅದರ ಹಿಂದಿನ ಸೀಟಿನಲ್ಲಿ ಟಿರಿಲ್ ಕೂರುವ ಕೆಂಪು ದಿಂಬು.

“ಇಳಿಜಾರಲ್ಲಿ ಬ್ರೇಕ್ ಒತ್ತಿದ್ರೆ ಕಾರೂ ಹೀಗೇ ತಿರುಗೋದು,” ಓಸ್ಲೌಗ್ ಮೆಲ್ಲಗೆ ಹೇಳಿದಳು. “ಮುಂದಿಂದು ಹಿಡ್ಕೊಳ್ಳತ್ತೆ, ಹಿಂದಿಂದು ಜಾರತ್ತೆ. ತೆಗೆದ್ರೆ ನಾಲ್ಕರದ್ದೂ ತೆಗಿ, ಬಿಟ್ರೆ ನಾಲ್ಕರದ್ದೂ ಬಿಡು. ಕಾನೂನು ಹೇಳೋದೂ ಅದೇ.”

ಗುನ್‌ವೋರ್ ಬಗ್ಗಿ ಬೂಟಿನ ಪಟ್ಟಿ ಬಿಚ್ಚಿದಳು. “ನನ್ನ ಬಸ್ಸು ಒಂದು ದಿನವೂ ಹೀಗೆ ತಿರುಗಿರ್ಲಿಲ್ಲ.”

“ಬಸ್ಸಿನ ಮೊಳೆ ನೀನು ಕಿತ್ತಿರ್ಲಿಲ್ಲವಲ್ಲ.”

ಇಬ್ಬರೂ ನಕ್ಕರು. ಟೈರಿನ ಪಕ್ಕೆಯಲ್ಲಿ ಅಚ್ಚಾಗಿದ್ದ, ಅದು ತಯಾರಾದ ವಾರ, ವರ್ಷ ಓದಿ, ರಬ್ಬರಿಗೆ ಉಗುರೊತ್ತಿ, ಗೆರೆಗಳ ಆಳ ಅಳೆದಳು ಓಸ್ಲೌಗ್. “ನಾಲ್ಕು ವರ್ಷದ್ದು, ಇನ್ನೂ ಮೆತ್ತಗಿದೆ. ಕಲ್ಲಾಗಿದ್ದಿದ್ರೆ ಮೊಳೆ ತೆಗೆದೂ ಪ್ರಯೋಜನ ಇರ್ಲಿಲ್ಲ, ಬೇರೆ ಟೈರೇ ಬೇಕಿತ್ತು. ಅಂದ ಹಾಗೆ, ಕೀಳೋವಾಗ ಕನ್ನಡಕ ಹಾಕಿದ್ಯಾ?”

“ಓದೋದು ಹಾಕಿದ್ದೆ.”

“ಮೊಳೆಗೆ ಓದಕ್ಕೆ ಬರಲ್ಲ. ಸಿಡಿದ್ರೆ ನೇರ ಕಣ್ಣಿಗೇ.”

ಓಸ್ಲೌಗ್‌ಳ ಮನೆಯಿಂದ ಪಕ್ಕದಿಂದಲೂ ಮುಚ್ಚುವ ರಕ್ಷಣಾ ಕನ್ನಡಕ ಬಂತು, ದಪ್ಪ ಕೈಗವಸು ಬಂತು. ಮುಂದಿನ ಎರಡು ಟೈರಿಗೂ ಸಾಬೂನು ನೀರು ಸವರಿ, ಸಣ್ಣ ಸ್ಕ್ರೂಡ್ರೈವರ್‌ನಿಂದ ಅಂಚು ಸಡಿಲಿಸಿ, ಇಕ್ಕಳದಲ್ಲಿ ಹಿಡಿದು ತಿರುಚಿ ಎಳೆದರೆ ಮೊಳೆ ಸಲೀಸಾಗಿ ಬರುತ್ತಿತ್ತು. ರಬ್ಬರನ್ನು ಆಳಕ್ಕೆ ಬಗೆಯಲಿಲ್ಲ. ಕಂದು ಚೀಸಿನ ವಾಫಲ್ ತಿನ್ನಲು ಎದ್ದಾಗ ಡಬ್ಬಿ ತುಂಬಿತ್ತು.

ಸೋಮವಾರ ಬೀದಿ ಗಾಜಿನಂತೆ ಹೊಳೆಯುತ್ತಿತ್ತು. ಇಳಿಜಾರಿನ ತಲೆಯಲ್ಲಿ, ಹಿಂದೆ ಯಾರೂ ಇಲ್ಲದ್ದನ್ನು ನೋಡಿ, ಗುನ್‌ವೋರ್ ಒಮ್ಮೆ ಮೆತ್ತಗೆ ಬ್ರೇಕ್ ಒತ್ತಿದಳು. ಕಾರು ಒಂದು ಮಾರು ಜಾರಿತು, ಆದರೆ ನೇರವಾಗಿ. ಇನ್ನಷ್ಟು ನಿಧಾನ, ಮುಂದಿನ ಗಾಡಿಗೆ ಇನ್ನಷ್ಟು ದೂರ. ಹಾಗೆಯೇ ಇಳಿದಳು.

ಶಾಲೆಯ ಗೇಟಿನಲ್ಲಿ ಟಿರಿಲ್ ಗೆಳತಿಗೆ ಎದೆಯುಬ್ಬಿಸಿ ಹೇಳುತ್ತಿದ್ದಳು: “ನಮ್ಮಜ್ಜಿ ಬರಿಗೈಯಲ್ಲಿ ನಾನೂರು ಮೊಳೆ ಕಿತ್ತಿದ್ದಾಳೆ.”

ಗುನ್‌ವೋರ್ ಗಾಜಿಳಿಸಿದಳು. “ಬರಿಗೈಯಲ್ಲಿ ಅಲ್ಲ ಮಗಾ, ಕೈಗವಸು ಹಾಕ್ಕೊಂಡು.” ಗಾಜೇರಿಸಿದ ಮೇಲೂ ಅವಳ ಮುಖದ ನಗು ಇಳಿಯಲಿಲ್ಲ.

ನಿಮ್ಮ ಗ್ಯಾರೇಜಿನಲ್ಲೂ ಮೊಳೆ ಕೀಳಬೇಕೆಂದಿರುವ ಟೈರುಗಳಿದ್ದರೆ, ಮೊದಲು ರಬ್ಬರು ಮೆತ್ತಗಿದೆಯೇ ನೋಡಿ. ಕಣ್ಣು, ಕೈ ಕಾಪಾಡಿಕೊಂಡು ಕೆಲಸಕ್ಕೆ ಕೂರಿ. ಅನುಮಾನ ಬಂದರೆ ಬಲ್ಲವರನ್ನು ಕೇಳಿ; ಓಸ್ಲೌಗ್‌ಳ ಮಾತು ಕೇಳಿದ್ದರಿಂದ ಗುನ್‌ವೋರಳ ಹೆಮ್ಮೆಗೇನೂ ಕುಂದಾಗಲಿಲ್ಲ. ನಾಲ್ಕನೆಯ ಟೈರಿನ ಕೊನೆಯ ಮೊಳೆ ಡಬ್ಬಿಗೆ ಬೀಳುವ ತನಕ ಕಾರನ್ನು ಹೊರಗೆ ತೆಗೆಯಬೇಡಿ. ಹಿಂದಿನ ಸೀಟಿನಲ್ಲಿ ನಿಮ್ಮನ್ನೇ ನಂಬಿ ಕೂತವರಿದ್ದಾರೆ.