ಬದನೆ ಹೂವಿಗೆ ದುಂಬಿಯೇ ಬೇಕು

ಈರನಗೆರೆಯ ಶಿವನಂಜಮ್ಮನ ಹಿತ್ತಿಲಲ್ಲಿ ಬದನೆ ಮೈತುಂಬ ಹೂ ಬಿಟ್ಟಿತ್ತು. ಕಾಯಿ ಮಾರುಕಟ್ಟೆಗೆ ಹೋದರೇ ಆ ಮನೆಯ ಒಲೆ ಉರಿಯುವುದು. ಅಂಥ ಹೊತ್ತಿನಲ್ಲಿ ಗಂಡ ಚಿಕ್ಕಣ್ಣ ಡಿಡಿಟಿ ಪುಡಿಯ ಡಬ್ಬ ಹಿಡಿದು ಬಂದ. ಕರೀ ದುಂಬಿಗಳು ಸೂರಿನ ತೊಲೆಯನ್ನು ಕೊರೆದು ತೂತು ಮಾಡಿದ್ದವು. ಅವುಗಳನ್ನು ಹೂವಿನ ಮೇಲೇ ಕೊಲ್ಲಬೇಕೆಂಬುದು ಅವನ ಹಟ.

ಶಿವನಂಜಮ್ಮ ಅಡ್ಡ ನಿಂತಳು. "ಒಂದು ಚಿಟಿಕೆನೂ ಬೀಳಕೂಡ್ದು ಕಣ್ರೀ! ದುಂಬಿ ಇಲ್ದೆ ಕಾಯಿ ಎಲ್ಲಿಂದ ಕಚ್ತದೆ?"

"ತುಳಸಿ ಹತ್ರ ನೋಡು, ಜೇನಿನಂಗಿರೋ ಸಣ್ಣ ಹುಳ ಎಷ್ಟವೆ! ಅವು ಸಾಲ್ದಾ? ತೊಲೆ ಕೊರೆಯಲ್ಲ, ಕುಟುಕೋದೂ ಇಲ್ಲ."

"ನಿಮ್ಮ ಪುಡಿ ಅವನ್ನ ಮಾತ್ರ ಉಳಿಸ್ತದಾ?"

ಮಾತು ಕೇಳಿ ಪಕ್ಕದ ಮನೆಯ ಶಾಲಾ ಉಪಾಧ್ಯಾಯಿನಿ ನೀಲಮ್ಮ ಬಂದರು.

"ಚಿಕ್ಕಣ್ಣನವರೇ, ಅದು ಜೇನಲ್ಲ, ನೊಣ. ಅದಕ್ಕೆ ಎರಡೇ ರೆಕ್ಕೆ, ದುಂಬಿಗೆ ನಾಲ್ಕು. ಅದು ಗಾಳೀಲೇ ನಿಂತು, ಸೂಜಿಯಂಥ ಮೂತಿ ಚಾಚಿ ಮಕರಂದ ಕುಡಿಯುತ್ತೆ. ತುಂಬೆ, ತುಳಸಿಗೆ ಅದೂ ಬೇಕು. ಆದರೆ ಬದನೆ ಹೂವಲ್ಲಿ ಮಕರಂದವೇ ಇಲ್ಲ. ಪರಾಗ ಒಳಗೇ ಮುಚ್ಚಿಕೊಂಡಿರುತ್ತೆ. ದುಂಬಿ ಹಿಡಿದು ಅಲುಗಿಸಬೇಕು."

"ಕಥೆ ಕಟ್ಬೇಡಿ ಟೀಚರ್."

ಶಿವನಂಜಮ್ಮ ಅವನ ಕೈಯಿಂದ ಡಬ್ಬ ಕಿತ್ತುಕೊಂಡಳು. "ಹಂಗಾದ್ರೆ ಅಂಗೈ ಒಡ್ಡಿ!"

ಅವನು ಒಲ್ಲದ ಮನಸ್ಸಿನಿಂದ ಹೂವಿನ ಕೆಳಗೆ ಕೈ ಹಿಡಿದ. ದುಂಬಿಯೊಂದು ಬಂದು ಹೂವನ್ನು ತಬ್ಬಿ, ಝುಂಯ್ ಎಂದು ಮೈ ಅದುರಿಸಿತು. ಅಂಗೈ ಮೇಲೆ ಹಳದಿ ಹುಡಿ ಉದುರಿತು. ಆದರೂ ಚಿಕ್ಕಣ್ಣನ ಅನುಮಾನ ಹೋಗಲಿಲ್ಲ.

"ಪಂತ ಕಟ್ತೀನಿ," ಎಂದು ಶಿವನಂಜಮ್ಮ ಐದು ಗಿಡಗಳಿಗೆ, ಯಾವ ಹುಳವೂ ನುಸುಳದಂತೆ, ತೆಳು ಬಟ್ಟೆ ಹೊದಿಸಿದಳು. "ಇದ್ರೊಳಗೆ ಬುಟ್ಟಿ ತುಂಬ ಕಾಯಿ ಬಿಟ್ರೆ ನಾನೇ ಪುಡಿ ಎರಚ್ತೀನಿ."

ಮೂರು ವಾರ ಕಳೆಯಿತು. ಹೊರಗಿನ ಗಿಡಗಳು ಕಾಯಿಯ ಭಾರಕ್ಕೆ ಬಾಗಿದ್ದವು. ಬಟ್ಟೆಯೊಳಗೆ ಸಿಕ್ಕಿದ್ದು ನಾಲ್ಕೇ ಸೊಟ್ಟ ಕಾಯಿ.

"ಸೋತೆ ಕಣಮ್ಮಿ," ಎಂದ ಚಿಕ್ಕಣ್ಣ, ನಗುತ್ತಲೇ. ಅಂದೇ ತೊಲೆಗೆ ಬೇವಿನೆಣ್ಣೆ ಬಳಿದ. ದುಂಬಿಗಳು ಗೂಡು ಮಾಡಲೆಂದು ಬೇಲಿಗೆ ಒಣಬಿದಿರಿನ ತುಂಡುಗಳನ್ನು ಕಟ್ಟಿದ.

ಅಕ್ಕಂದಿರೇ, ಅಣ್ಣಂದಿರೇ! ಹೂ ಬಿಟ್ಟ ಗಿಡಕ್ಕೆ ವಿಷ ಎರಚಬೇಡಿ. ನೊಣವೂ ಬದುಕಲಿ, ದುಂಬಿಯೂ ಬದುಕಲಿ. ಡಬ್ಬ ಹಿಡಿದು ಬಂದವರು ನಿಮ್ಮ ಮನೆಯವರೇ ಆದರೂ ಸರಿ, ಜಗ್ಗದೆ ಅಡ್ಡ ನಿಲ್ಲಿ!