ತೂತಿಟ್ಟ ಮುಖಗವಸು

ಬ್ಯಾಂಡ್ ಮಾಸ್ತರರ ಬುದ್ಧಿಗೆ ಏನು ಹೇಳಬೇಕೋ ದರ್ಜಿ ಅಕ್ಕನಿಗೆ ತಿಳಿಯಲಿಲ್ಲ. ಊರಿಗೆ ಊರೇ ಫ್ಲೂ ಜ್ವರದಲ್ಲಿ ನರಳುತ್ತಿದೆ, ಯುದ್ಧಕ್ಕೆ ಹೋದವರಿಗಿಂತ ಹಾಸಿಗೆ ಹಿಡಿದವರೇ ಹೆಚ್ಚು ಸಾಯುತ್ತಿದ್ದಾರೆ. ಇವರಿಗೆ ಮಾತ್ರ ಯುದ್ಧನಿಧಿಯ ಮೆರವಣಿಗೆ ನಡೆಯಲೇಬೇಕು. ಎಲ್ಲರೂ ಮುಖಗವಸು ಕಟ್ಟಬೇಕೆಂದು ನಗರಸಭೆ ಅಪ್ಪಣೆ ಮಾಡಿತು. ಬ್ಯಾಂಡಿನವರಿಗೆಲ್ಲ ಅಕ್ಕನೇ ಹಗಲೆಲ್ಲ ಕೂತು ಹೊಲಿದುಕೊಟ್ಟಳು. ಮಾಸ್ತರರು ಅಷ್ಟನ್ನೂ ವಾಪಸು ತಂದು ಮೇಜಿನ ಮೇಲೆ ಸುರಿದರು.

“ಬಾಯಿ ಹತ್ರ ಒಂದೊಂದು ತೂತು ಮಾಡಿಕೊಡಮ್ಮ. ಇಲ್ಲಾಂದ್ರೆ ತುತ್ತೂರಿ ಊದೋದು ಹೇಗೆ?”

“ತೂತು ಮಾಡಿದ್ಮೇಲೆ ಗವಸು ಯಾಕೆ ಮಾಸ್ತರೆ? ಗದ್ದಕ್ಕೆ ಚಳಿ ಆಗ್ಬಾರ್ದು ಅಂತಲಾ?”

“ಅಪ್ಪಣೆ ಅಂದ್ರೆ ಅಪ್ಪಣೆ.”

ಅವಳು ಕತ್ತರಿ ಮುಟ್ಟಲಿಲ್ಲ. ತಮ್ಮನೇ ಮುಟ್ಟಿದ. ಅಪ್ಪ ಅಮ್ಮ ಹೋದಮೇಲೆ ಅವಳು ಎತ್ತಿ ಆಡಿಸಿ ಬೆಳೆಸಿದವನು. ಬ್ಯಾಂಡ್ ಸೇರಿ ತುತ್ತೂರಿ ಹಿಡಿದ ದಿನದಿಂದ ಅವಳ ಬಾಯಲ್ಲಿ ಅವನ ಹೆಸರು ‘ಊದುಕೊಳವೆ’. ಎಷ್ಟು ಬಡಕೊಂಡರೂ ಗೋಡೆಗೆ ಹೇಳಿದಂತಾಯಿತು. ಮಹಾರಾಯ ದುಂಡಗೆ ತೂತು ಕತ್ತರಿಸಿ, ಅಂಚು ಬಿಚ್ಚಿಕೊಳ್ಳಬಾರದೆಂದು ಕಾಜಾ ಹೊಲಿಗೆ ಬೇರೆ ಹಾಕಿ, ಅದೂ ಅವಳೇ ಕಲಿಸಿದ ಹೊಲಿಗೆ, ಮೆರವಣಿಗೆಗೆ ಹೊರಟೇಬಿಟ್ಟ.

ಆಮೇಲೆ ವಾದ್ಯದವರು ಒಬ್ಬೊಬ್ಬರಾಗಿ ಮಲಗಿದರು. ತಮ್ಮನೂ ಮಲಗಿದ, ಮೈ ಕೆಂಡವಾಗಿತ್ತು. ಅವಳು ಬೈಯುತ್ತಲೇ ಬಿಸಿನೀರು ಕುಡಿಸಿದಳು, ಬೈಯುತ್ತಲೇ ಹಣೆಗೆ ಒದ್ದೆ ಬಟ್ಟೆ ಹಾಕಿದಳು. ಅಂತೂ ಜ್ವರ ಇಳಿಯಿತು. “ಎದೆ ಇನ್ನೂ ಕಟ್ಟಿದೆ. ಈಗ ಎದ್ದು ಓಡಾಡಿದ್ರೆ ಜೀವಕ್ಕೆ ನಾನು ಹೊಣೆಯಲ್ಲ” ಎಂದು ಹೇಳಿ ಡಾಕ್ಟರು ಹೋದರು.

ಅವರು ಅತ್ತ ಹೋದರೋ ಇಲ್ಲವೋ, ಇತ್ತ ಮಾಸ್ತರರು ಬಾಗಿಲಲ್ಲಿ ಹಾಜರು. ಟೋಪಿ ಕೈಯಲ್ಲಿತ್ತು.

“ನಗಾರಿಯವನು ಹೋಗ್ಬಿಟ್ಟ ಕಣಮ್ಮ. ಮಣ್ಣಿಗೆ ಒಯ್ಯುವಾಗ ಊದೋಕೆ ಯಾರೂ ಇಲ್ಲ. ಇವನಿಗಾದ್ರೆ ಜ್ವರ ಬಿಟ್ಟಿದೆಯಂತೆ...”

“ಇವನನ್ನ ಒಯ್ಯುವಾಗ ಊದೋಕೆ ಯಾರನ್ನ ಹುಡುಕ್ತೀರಿ?”

ಬಾಗಿಲು ದಢಾರನೆ ಹಾಕಿ ಚಿಲಕ ಜಡಿದಳು. ತಿರುಗಿ ನೋಡಿದರೆ ತಮ್ಮ ಅಂಗಿ ತೊಟ್ಟು ಗೋಡೆ ಹಿಡಿದು ನಿಂತಿದ್ದ.

“ಅಕ್ಕ, ದಾರಿ ಬಿಡು. ಅವನು ನನ್ನ ಗೆಳೆಯ.”

“ಬಿಡಲ್ಲ.”

“ನಿನಗೆ ಕರುಳೇ ಇಲ್ಲ. ಸಾಯೋವರೆಗೂ ನಿನ್ನ ಕ್ಷಮಿಸಲ್ಲ!”

ಅವಳ ಕಣ್ಣು ತುಂಬಿ ಬಂತು. ಸಿಟ್ಟು ಮಾತ್ರ ಇಳಿಯಲಿಲ್ಲ.

“ಕ್ಷಮಿಸಬೇಡ ಕಣೋ. ಬಾಯಿಗೆ ಬಂದಷ್ಟು ಬೈ. ನಾನು ಹಣ್ಣು ಮುದುಕಿಯಾಗೋವರೆಗೂ ಬೈತಾನೇ ಇರು.”

ಅವನು ಬೈದ. ಕೆಮ್ಮಿ ಕೆಮ್ಮಿ ಬೈದ. ನಗಾರಿಯವನ ಹೆಣ ವಾದ್ಯವಿಲ್ಲದೆ ಬೀದಿ ದಾಟಿಹೋಗುವ ತನಕ ಅವಳು ಬಾಗಿಲಿಗೆ ಬೆನ್ನು ಕೊಟ್ಟು ಕೇಳುತ್ತಾ ನಿಂತಳು.